ದುಂಡನ್ನ ಬಾವಿಯ ಈಜು

ಇಲ್ರಿ, ನಾ ಕುಡದಿದ್ದಿಲ್ಲ. ನಮ್ಮೂರು ನೇಸರಗಿಯ ದುಂಡನ್ನ ಬಾವ್ಯಾಗ ಈಜು ಕಲತಾವ್ರು ದುಂಡಗ ಹೋಗ್ತಾರ.

ಈಜು, ಸೈಕಲ್, ಓಟ ಮೂರೂ ಇರೋ ಟ್ರಯಾಥ್ಲಾನ್ ತಂಡಕ್ಕ ಸೇರಬೇಕಂದ್ರ ಬೈಲಹೊಂಗಲದ ಈಜುಕೊಳದಾಗ ಈ ದಂಡಿಯಿಂದ ಆ ದಂಡಿಗಿ ನಿಲ್ಲದ ಇಪ್ಪತ್ತ ಸಲ ಈಜಬೇಕಿತ್ತು. ಕಾಲೇಜು ಬಿಟ್ಟಮ್ಯಾಲೆ ನನಗ ಖರೇನ ಬೇಕನಿಸಿದ್ದು ಇದೊಂದ. ಮೊದಲನೇ ಸಲಕ್ಕ ಎಡಕ್ಕ ಹೊಳ್ಳಿ ಬಾಜೂದಾವನ ಹೊಟ್ಟಿಗಿ ತಲಿ ಹೊಡದೆ.

ಕೋಚ್ ಅಕ್ಕಾರು ಸೀಟಿ ಊದಿದ್ರು. "ಎಲ್ಲಿಗಿ ಹೊಂಟೀಯೋ ತಮ್ಮಾ?"

"ಬಾವ್ಯಾಗ ನೆಟ್ಟಗ ಹೋದ್ರ ತಲಿ ಒಡೀತೈತ್ರಿ ಅಕ್ಕಾರ."

"ತಳದಾಗ ಕರೇ ಗೆರಿ ಐತಿ. ಮಾರಿ ನೀರಾಗ ಹಾಕಿ ಅದನ್ನ ನೋಡಕೋತ ಹೋಗು."

ಹೋದೆ. ಮೂಗಿನಾಗ ನೀರು ಹೊಕ್ಕರೂ ಗೆರಿ ಬಿಡ್ಲಿಲ್ಲ. ಉಳದಾವ್ರು ದಂಡಿ ಹಿಡದು ದಮ್ಮು ತಗೊಳ್ಳಾಕ ಹತ್ತಿದ್ರು. ನಮ್ಮ ಬಾವ್ಯಾಗ ಹಿಡಕೊಳ್ಳಾಕ ಏನೂ ಇಲ್ಲ, ಹಂಗಾಗಿ ನನಗ ನಿಂತು ಗೊತ್ತಿಲ್ಲ. ಇಪ್ಪತ್ತಾತು, ಖುಷಿಗಿ ಇನ್ನೆರಡು ಹೊಡದೆ.

ಅಕ್ಕಾರು ನನ್ನ ಹೆಸರು ಬರಕೊಂಡ್ರು. "ನಾಳೆ ಮುಂಜಾನೆ ಬಾ. ಸೈಕಲ್ ಐತಿಲ್ಲೋ?"

"ಐತ್ರಿ" ಅಂದೆ. ಬ್ರೇಕ್ ಇಲ್ಲ ಅನ್ನೂದ್ರೊಳಗ ಅವ್ರು ಹೊರಗ ಹೋಗಿ ಬಾಗಲಾ ಹಾಕಿದ್ರು.