ತನ್ನ ಎಡೆ ತಾನೇ ಉಂಡ ಮುತ್ತಯ್ಯ

ನನ್ನ ಅಣ್ಣ ಮುತ್ತಯ್ಯ ಕಳ್ಳನಲ್ಲ, ಕುಡುಕನಲ್ಲ, ಹೆಂಡತಿಯ ಮೇಲೆ ಕೈ ಎತ್ತಿದವನೂ ಅಲ್ಲ. ಕೌದಳ್ಳಿಯಲ್ಲಿ ಆಡು ಮೇಯಿಸಿಕೊಂಡು, ಸಂಜೆ ಜಗಲಿಯಲ್ಲಿ ಬೀಡಿ ಸೇದಿಕೊಂಡು ಇದ್ದ ಸಾಧಾರಣ ಮನುಷ್ಯ. ಒಂದು ದಿನ ಕಾಡಂಚಿಗೆ ಹೋದ. ಸಂಜೆ ಆಡುಗಳು ಬಂದವು, ಅವನು ಬರಲಿಲ್ಲ.

ಊರಿನ ಬಾಯಿಗೆ ಬೀಗ ಹಾಕುವವರುಂಟೇ? ಆನೆ ತುಳಿಯಿತು ಎಂದರು. "ಗೋಪಿನಾಥಂ ಕಡೆ ಇನ್ನೊಬ್ಳನ್ನ ಮಡಿಕಂಡವ್ನಂತೆ" ಎಂದೂ ಅಂದರು. ಅತ್ತಿಗೆ ರಂಗಮ್ಮ ಎರಡನ್ನೂ ನಂಬದೆ ಕಾದಳು. ಮಗಳು ದೀಪ ಅಪ್ಪನ ಮುಖ ಮರೆಯುವಷ್ಟು ದೊಡ್ಡವಳಾದಳು. ಕೊನೆಗೆ ಮನೆತನದ ಹಿರಿಯ, ನಮ್ಮ ದೊಡ್ಡಪ್ಪ ಚಿಕ್ಕಸಿದ್ದಯ್ಯ, "ಇನ್ನೆಷ್ಟು ಕಾಯದವ್ವಾ, ಕಾರ್ಯ ಮುಗ್ಸಿಬುಡಾನ" ಎಂದು ತಿಥಿ ಮಾಡಿಸಿದ. ಅತ್ತಿಗೆಯ ಬಳೆ ಒಡೆದರು. ಒಬ್ಬರಾದರೂ ಬೇಡ ಎಂದರೇ? ಊಹೂಂ. ಆಮೇಲೆ ಅವಳು ಸತ್ತೇಗಾಲದ ಕಡೆ ಕಬ್ಬು ಕಡಿಯುವ ಕೂಲಿಗೆ ಹೋಗಿ ಮಗಳನ್ನು ಓದಿಸಿದಳು.

ನಮ್ಮಲ್ಲಿ ಪಿತೃಪಕ್ಷಕ್ಕೆ ಸತ್ತವರಿಗೆ ಎಡೆ ಇಡುತ್ತೇವೆ. ಅವರಿಗೆ ಇಷ್ಟವಾದದ್ದನ್ನೆಲ್ಲ ಬಾಳೆಲೆಯಲ್ಲಿ ಬಡಿಸಿ, ಬಂದು ಉಣ್ಣಲಿ ಎಂದು ಬಾಗಿಲು ಮುಚ್ಚಿ ಹೊರಗೆ ಕೂರುತ್ತೇವೆ. ಸ್ವಲ್ಪ ಹೊತ್ತಾದ ಮೇಲೆ ಕೆಮ್ಮಿ, ಬಾಗಿಲು ತಟ್ಟಿ ಒಳಗೆ ಹೋಗಬೇಕು. ಅಣ್ಣ ಹೋಗಿ ಇಪ್ಪತ್ತು ವರ್ಷವಾಗಿತ್ತು, ಹೋದ ವರ್ಷವೂ ಅತ್ತಿಗೆ ಮುದ್ದೆ, ಒಣಮೀನಿನ ಸಾರು, ವಡೆ, ಒಂದು ಕಟ್ಟು ಬೀಡಿ, ಹೊಸ ಪಂಚೆ ಇಟ್ಟಳು. ನಾವೆಲ್ಲ ಜಗಲಿಯಲ್ಲಿ ಕೂತೆವು.

ದೊಡ್ಡಪ್ಪ ಕೆಮ್ಮಿ ಬಾಗಿಲು ತೆಗೆದ. ಅಯ್ಯೋ ನಮ್ಮಪ್ಪ! ಒಳಗೆ ಅಣ್ಣ ಕೂತಿದ್ದ. ಹೋದಾಗ ಇದ್ದ ವಯಸ್ಸೇ, ಒಂದು ಕೂದಲೂ ನೆರೆತಿಲ್ಲ. ಹಿತ್ತಿಲ ಬಾಗಿಲಿಂದ ಬಂದು, ಹೊಸ ಪಂಚೆ ಉಟ್ಟು, ಮುದ್ದೆ ಮುರಿಯುತ್ತಿದ್ದ. ತನಗಾಗಿಯೇ ಬಡಿಸಿಟ್ಟಿದ್ದಾರೆ ಅಂದುಕೊಂಡಿದ್ದ, ಪಾಪಿ. ತಲೆ ನೆರೆತ ಅತ್ತಿಗೆಯನ್ನು ಕಂಡು, ಅವಳ ತಾಯಿ ಎಂದುಕೊಂಡು, "ಅತ್ತೆ, ನೀವ್ಯಾವಾಗ ಬಂದ್ರಿ? ರಂಗಿ ಎಲ್ಲವ್ಳೆ?" ಎಂದ.

"ಅವಳೇ ಕಣಣ್ಣಯ್ಯ ರಂಗಿ" ಎಂದು ನಾನೇ ಹೇಳಬೇಕಾಯಿತು. ತಿಥಿಯ ಸಂಗತಿಯನ್ನೂ ಹೇಳಿದೆ. ಅವನ ಕೈಯ ತುತ್ತು ಎಲೆಗೆ ಬಿತ್ತು. ತಪ್ಪಿಸಿಕೊಂಡ ಆಡಿನ ಮರಿಯೊಂದನ್ನು ಹಿಡಿಯಲು ಎರಡು ಬಂಡೆಯ ನಡುವೆ ನುಗ್ಗಿದ್ದನಂತೆ. ಆಚೆ ಒಂದು ಊರು. ಅಲ್ಲಿ ಬಿಸಿಲು ಇಳಿಯುವುದೇ ಇಲ್ಲವಂತೆ, ಯಾರೂ ಯಾರನ್ನೂ ಕೆಲಸಕ್ಕೆ ಕೂಗುವುದಿಲ್ಲವಂತೆ. "ಮರದಡೀಲಿ ಒಂದೊತ್ತು ಕೂತಿದ್ದೆ ಅಷ್ಟೇಯ. ಆಣೆಗೂ ಅಷ್ಟೇಯ" ಎಂದು ಅತ್ತ.

"ಸತ್ತೋರ ಎಡೆ ಉಂಡೋನು ಸತ್ತೋನೇ. ಮನೇಲಿ ಮಡಿಕಳಾಂಗಿಲ್ಲ" ಎಂದ ದೊಡ್ಡಪ್ಪ.

ನನಗೆ ಮೈಯೆಲ್ಲ ಉರಿಯಿತು. "ಉಸ್ರಾಡ್ತಾವ್ನೆ, ಕಣ್ ಕಾಣಾಕಿಲ್ವಾ ನಿಂಗೆ?" ಎಂದು ಕೂಗಾಡಿದೆ. ಎಲ್ಲರೂ ಅತ್ತಿಗೆಯ ಕಡೆ ನೋಡಿದರು. ಅವಳು ಇರಲಿ ಎಂದಿದ್ದರೆ ಸಾಕಿತ್ತು. ಅವಳಿಗೆ ಎದುರು ಹೇಳುವ ಮುಖ ಅಲ್ಲಿ ಯಾರಿಗೂ ಇರಲಿಲ್ಲ.

ಅತ್ತಿಗೆ ಅವನ ಎದುರು ಕೂತಳು. "ಅಲ್ಲಿ ನಮ್ ಗ್ಯಾನ ಬರ್ನಿಲ್ವಾ?"

ಸುಳ್ಳು ಹೇಳೋ ಅಣ್ಣಯ್ಯ, ಒಂದೇ ಒಂದು ಸುಳ್ಳು ಹೇಳೋ ಎಂದು ಒಳಗೊಳಗೇ ಬಡಕೊಂಡೆ. ಅವನಿಗೆ ಹುಟ್ಟಿದಾಗಿನಿಂದ ಸುಳ್ಳು ಬಾರದು.

"ಇಲ್ಲ ಕಣಮ್ಮಿ. ಮರಿ ಸಿಕ್ದೇಟ್ಗೆ ಬರ್ಬೋದಾಗಿತ್ತು. ಅಲ್ಲಿ ಯಾರ್ ಗ್ಯಾನನೂ ಬರಾಕಿಲ್ಲ. ಸುಖವಾಗಿತ್ತು, ಕೂತ್ಕಂಡೆ."

"ನಿಮ್ಗೆ ಒಂದೊತ್ತು" ಎಂದಳು ಅತ್ತಿಗೆ. ಕಬ್ಬಿನ ಗರಿ ಸೀಳಿದ ಬರಿಗೈಗಳನ್ನು ಅವನ ಮುಂದೆ ಚಾಚಿದಳು. ಅವನು ಹಿಡಿಯಲು ಬಂದಾಗ ಹಿಂದಕ್ಕೆ ಎಳೆದುಕೊಂಡಳು. ಎದ್ದು ಕರ್ಪೂರ ಹಚ್ಚಿದಳು. ಪ್ರತಿ ವರ್ಷ ಹಿರಿಯರಿಗೆ ಕೈ ಮುಗಿಯುವ ಹಾಗೆಯೇ ಮುಗಿದಳು.

"ಉಂಡಿದ್ದಾಯ್ತಲ್ಲ. ನಮ್ಮನ್ನ ತಣ್ಣಗೆ ಮಡ್ಗಿ, ಸುಖ್ವಾಗಿ ಓಗಿ. ಮುಂದಿನ್ ವರ್ಸ ಬನ್ನಿ."

ಅಣ್ಣ ದೀಪಳನ್ನು ನೋಡಿದ. ಅವಳು ಅಮ್ಮನ ಹಿಂದೆ ಸರಿದಳು. ಅವನು ಎದ್ದು ಹಿತ್ತಿಲ ಬಾಗಿಲಿಂದ ಹೋದ. ನಾನು ಬೇಲಿಯವರೆಗೂ ಓಡಿ ಕೂಗಿದೆ, ತಿರುಗಿ ನೋಡಲಿಲ್ಲ.

ಒಳಗೆ ಬಂದರೆ ಅತ್ತಿಗೆ ಎಲ್ಲರಿಗೂ ಎಲೆ ಹಾಕುತ್ತಿದ್ದಳು. ತಾನು ಮಾತ್ರ ಬೇರೆ ಎಲೆ ಹಾಕಿಕೊಳ್ಳಲಿಲ್ಲ. ಅವನ ಎಲೆಯ ಮುಂದೆಯೇ ಕೂತು, ಅವನು ಬಿಟ್ಟು ಹೋದ ಅರ್ಧ ಮುದ್ದೆಯನ್ನು ಒಂದು ತುತ್ತೂ ಉಳಿಸದೆ ಉಂಡಳು.