ಉಪ್ಪಿನ ಹೂಜಿ

ರಾಮಾಯಿಗೆ ದಿನಕ್ಕೆ ಎರಡು ಸ್ನಾನ. ಬೆಳಗಿನದು ದೇವರಿಗಾಗಿ, ಸಂಜೆಯದು ಅತ್ತೆ ಕನ್ನಿಯಮ್ಮಾಳಿಗಾಗಿ. ದೊರೆಯ ಬಂಗಲೆಯಲ್ಲಿ ಪಾತ್ರೆ ತೊಳೆದು ಬಂದವಳು ಹಿತ್ತಲಲ್ಲಿ ತಲೆಗೆ ನೀರು ಸುರಿದುಕೊಳ್ಳದೆ ಒಳಗೆ ಕಾಲಿಡುವಂತಿರಲಿಲ್ಲ. ಗಿರಣಿ ಬಟ್ಟೆ ಬಂದು ಗಣಪತಿ ಎಂಬ ಆ ತಮಿಳು ಊರಿನಲ್ಲಿ ಕೈಮಗ್ಗಗಳು ಸುಮ್ಮನೆ ಕೂತಿದ್ದ ಕಾಲ ಅದು. ಗಂಡ ಅಯ್ಯಾಸಾಮಿಯ ಮಗ್ಗವೂ ಕೂತಿತ್ತು. ಅವಳು ದುಡಿದು ತಂದ ಅಕ್ಕಿಗೆ ಮಾತ್ರ ಯಾರೂ ಸ್ನಾನ ಮಾಡಿಸಲಿಲ್ಲ.

ದೊರೆ ಜರ್ಮನಿಯವನು, ನೂಲಿನ ಗಿರಣಿಗೆ ಯಂತ್ರ ಕೂರಿಸಲು ಬಂದವನು. ಅವನ ಹತ್ತಿರ ಅಜ್ಜ ಮುತ್ತಜ್ಜಂದಿರ ಕಾಲದ ಒಂದು ಹೂಜಿಯಿತ್ತು. ಕಲ್ಲಿನಷ್ಟು ಗಟ್ಟಿಯಾದ ಬೂದು ಮಣ್ಣು, ಮೈಮೇಲೆ ನೀಲಿ ಬಳ್ಳಿ, ಬುಡಕ್ಕೊಂದು ಬೆಳ್ಳಿಯ ಬಳೆ, ಬಾಯಿಗೆ ಹೂವು ಕೆತ್ತಿದ ಬೆಳ್ಳಿಯ ಮುಚ್ಚಳ. ಅದರಲ್ಲಿ ಅವನು ಬಿಯರು ಕುಡಿಯುತ್ತಿದ್ದ. ರಾಮಾಯಿ ವಿಭೂತಿ ಹಚ್ಚಿ ಬೆಳ್ಳಿ ಉಜ್ಜುತ್ತಿದ್ದಳು. ಮನೆಯಲ್ಲಿ ಅವಳು ಮುಟ್ಟುವುದೆಲ್ಲ ಅತ್ತೆಯ ಪಾತ್ರೆ, ಗಂಡನ ನೂಲು. ಈ ಹೂಜಿಯನ್ನು ತೊಳೆಯುವ ಕೈ ಅವಳದೊಂದೇ.

ಇದರ ಮೈ ಯಾಕೆ ಕಿತ್ತಳೆ ಸಿಪ್ಪೆಯಂತಿದೆ ಎಂದು ಒಮ್ಮೆ ಕೇಳಿದಳು. ದೊರೆ ಹಿಡಿ ಉಪ್ಪು ತೆಗೆದು ಉರಿಯುವ ಒಲೆಗೆ ಎಸೆದು, “ಉಪ್ಪು, ನೆರುಪ್ಪು” ಎಂದು ತನ್ನ ಹರುಕು ತಮಿಳಿನಲ್ಲಿ ಹೇಳಿದ. ಉಪ್ಪೆಸೆದು ಬೆಂಕಿಯಲ್ಲಿ ಸುಟ್ಟಿದ್ದು ಎಂದು ಅವಳಿಗೆ ಅರ್ಥವಾಯಿತು.

ಯಂತ್ರದ ಕೆಲಸ ಮುಗಿಸಿ ಊರಿಗೆ ಹೊರಟ ದಿನ ದೊರೆ ಅದನ್ನು ಅವಳಿಗೇ ಕೊಟ್ಟುಬಿಟ್ಟ.

“ಅಲ್ಲೇ ನಿಲ್ಲೇ!” ಅತ್ತೆ ಬಾಗಿಲಿಗೆ ಅಡ್ಡ ನಿಂತಳು. “ಕುಡುಕನ ಎಂಜಲನ್ನ ಒಳಗೆ ತರ್ತೀಯಾ? ಬೆಳ್ಳಿನಾದ್ರೆ ಹುಣಸೆ ಹಾಕಿ ತೊಳೀಬೋದು. ಮಣ್ಣಿಗೆ ಅಂಟಿದ್ದು ಹೋಗುತ್ತಾ?”

“ಮಣ್ಣು ಒಡೆದು ಬಿಸಾಕು,” ಅಯ್ಯಾಸಾಮಿ ಗುಂಡುಕಲ್ಲನ್ನೇ ಎತ್ತಿಕೊಂಡು ಬಂದ. “ಮಗಳು ಪಂಕಜಂ ಹೆರಿಗೆಗೆ ಬರ್ತಾಳಲ್ಲ, ಪಾಪಂಗೆ ಹಾಲು ಕುಡಿಸೋಕೆ ಬೆಳ್ಳೀಲಿ ಒಳಲೆ ಮಾಡಿಸ್ತೀನಿ.”

ರಾಮಾಯಿ ಹೂಜಿಯನ್ನು ಕಂಕುಳಿಗೆ ಒತ್ತಿಕೊಂಡಳು. “ಅತ್ತೆ, ಉಪ್ಪಿಗೆ ಎಂಜಲುಂಟಾ?”

“ಉಪ್ಪಿಗೇನೇ ಎಂಜಲು? ಅದು ಲಕ್ಷ್ಮಿ.”

“ಇದನ್ನ ಉಪ್ಪಾಕೇ ಸುಟ್ಟಿರೋದು, ಮೈಯೆಲ್ಲಾ ಉಪ್ಪು. ಒಳಗೂ ಉಪ್ಪೇ ತುಂಬಿಡ್ತೀನಿ. ನಮ್ಮ ಉಪ್ಪಿನ ಮಡಕೆ ಹೇಗೂ ಉದುರಿ ಹೋಗ್ತಿದೆ.”

“ದೊರೆ ನಿನಗೆ ಪಾತ್ರೆ ತೊಳೆಯೋಕೆ ಹೇಳಿದ್ನಾ, ವಕೀಲಿಕೆ ಕಲಿಸಿದ್ನಾ?” ಎಂದು ಅಯ್ಯಾಸಾಮಿ ಕೂಗಿದ.

ಅತ್ತೆ ಬಾಗಿಲಿಂದ ಪಕ್ಕಕ್ಕೆ ಸರಿದಳು. “ಕಲ್ಲು ಕೆಳಗಿಡೋ. ಒಲೆ ಹತ್ರ ಬೇಡ, ಮೂಲೇಲಿ ಇರ್ಲಿ. ಉಪ್ಪು ಬಿಟ್ಟು ಬೇರೆ ಏನಾದ್ರೂ ಹಾಕಿದ್ಯೋ, ಬೀದಿಗೆ ಎಸೀತೀನಿ.”

ಹಾಗೆ ಹೂಜಿ ಒಳಗೆ ಬಂತು. ಐಪ್ಪಸಿ ತಿಂಗಳ ಮಳೆ ಹಿಡಿದ ಮೇಲೆ ಉಪ್ಪು ನೀರೊಡೆಯಿತು. ಮುಚ್ಚಳದ ಒಳಗೆಲ್ಲ ಕಪ್ಪು. ರಾಮಾಯಿ ವಿಭೂತಿ ಹಾಕಿ ಉಜ್ಜಿದಳು; ಮತ್ತೆ ಕಪ್ಪು. ಉಜ್ಜಿ ಉಜ್ಜಿ ಕೆತ್ತಿದ ಹೂವೇ ಸವೆಯತೊಡಗಿತು. ಉಪ್ಪು ಇದ್ದರೆ ಬೆಳ್ಳಿ ಉಳಿಯದು. ಉಪ್ಪು ತೆಗೆದರೆ ಹೂಜಿಯೇ ಮನೆಯಲ್ಲಿ ಉಳಿಯದು. ಇದನ್ನು ಯಾರ ಹತ್ತಿರ ಹೇಳಿಕೊಳ್ಳುವುದು? ಅಕ್ಕಿ ಆರಿಸುವಾಗ, ಪಾತ್ರೆ ತೊಳೆಯುವಾಗ ಅದೇ ಯೋಚನೆ. ಕೊನೆಗೆ ತಾನೇ ಗಂಡನ ಹತ್ತಿರ ಹೋದಳು.

“ಇಲ್ನೋಡಿ, ಆಸಾರಿ ಹತ್ರ ಹೋಗೋಣ. ಒಡೆಯೋಕಲ್ಲ, ಮುಚ್ಚಳ ಬಿಡಿಸೋಕೆ.”

ಬೆಳ್ಳಿ ಕೆಲಸದ ಆಸಾರಿ ಕೀಲಿನ ಮೊಳೆ ತಟ್ಟಿ ತೆಗೆದ. ಅಷ್ಟೇ. ಮುಚ್ಚಳ ಅವನ ಅಂಗೈಗೆ ಬಂತು.

“ಬುಡದ ಬಳೇನೂ ಬೆಳ್ಳಿಯೇ,” ಎಂದ ಅಯ್ಯಾಸಾಮಿ.

“ಅಲ್ಲಿಗೆ ಉಪ್ಪು ಬರಲ್ಲ,” ಎಂದಳು ರಾಮಾಯಿ.

ಒಳಲೆಗೆ ಮುಚ್ಚಳವಷ್ಟೇ ಸಾಕೆಂದು ಅವನು ಆಸಾರಿಗೆ ಹೇಳಿ ಹೂಜಿ ಎತ್ತಿಕೊಂಡ.

ಹಿಂತಿರುಗುವಾಗ ಹೂಜಿಯನ್ನು ಅವನೇ ಹಿಡಿದಿದ್ದ. ಬೀದಿಯ ತಿರುವಿನಲ್ಲಿ ಯಾರೋ “ಏನಪ್ಪಾ ಅದು, ಚೆನ್ನಾಗಿದೆ?” ಎಂದು ಕೇಳಿದರು.

“ನಮ್ಮನೆ ಉಪ್ಪಿನ ಪಾತ್ರೆ,” ಎಂದ, ಎಷ್ಟೋ ಕಾಲದಿಂದ ಮನೆಯಲ್ಲಿದ್ದದ್ದು ಎಂಬಂತೆ.

ಹಿಂದೆ ನಡೆಯುತ್ತಿದ್ದ ರಾಮಾಯಿಗೆ ಸಮಾಧಾನವಾಯಿತು. ತನ್ನದೊಂದೇ ಆಗಿದ್ದದ್ದು ಏನೋ ಕೈಬಿಟ್ಟುಹೋದ ಹಾಗೂ ಆಯಿತು.