ಕಲ್ಪ್ರಿಟ್ ಪದದ ಪಂಡಿತರು

ನುಸಿಗುಳಿಗೆಯ ವಾಸನೆ ಮೂಗಿಗೆ ಬಿದ್ದರೆ ನನಗೆ ಇಂದಿಗೂ ಮೈ ಉರಿಯುತ್ತದೆ. ಮೊನ್ನೆ ಟ್ರಂಕು ತೆರೆದಾಗಲೂ ಹಾಗೇ ಆಯಿತು. ಎಪ್ಪತ್ತರ ದಶಕದಲ್ಲಿ ಸಿಂದಗಿ ಕಡೆಯ ಹೈಸ್ಕೂಲೊಂದರಲ್ಲಿ ನಮಗೆ ಇಂಗ್ಲಿಷ್ ಕಲಿಸಿದ ಹೆಡ್ಮಾಸ್ತರರು ಬೇಸಿಗೆಯಲ್ಲೂ ಕಳಚದಿದ್ದ ಕರಿಕೋಟಿನ ವಾಸನೆ ಅದು. ಶಬ್ದಗಳ ಹುಟ್ಟು ಹೇಳುವುದರಲ್ಲಿ ಅವರನ್ನು ಬಿಟ್ಟರಿಲ್ಲ ಎಂದು ಊರೇ ನಂಬಿತ್ತು. ಅವರಂತೂ ಊರಿಗಿಂತ ಹೆಚ್ಚು ನಂಬಿದ್ದರು.

ಒಂದು ಎಳ್ಳಮಾವಾಸ್ಯೆಯ ಮರುದಿನ ಶಾಲೆಯ ಹಿತ್ತಾಳೆ ಕೊಡ ಕಾಣಲಿಲ್ಲ. ಅದನ್ನು ತುಂಬಿಸಿಡುವ ಪಾಳಿ ನನ್ನ ತರಗತಿಯ, ಕುರಿ ಕಾಯುವವರ ಮನೆಯ ಹುಡುಗಿಯದು. ದೇವಣಗಾಂವದಿಂದ ಬಂದು ಸೋದರಮಾವನ ಮನೆಯಲ್ಲಿದ್ದು ಓದುತ್ತಿದ್ದಳು. ಅವರ ಮನೆತನದಲ್ಲಿ ಹೈಸ್ಕೂಲಿಗೆ ಬಂದ ಮೊದಲ ಹೆಣ್ಣು.

ಪ್ರಾರ್ಥನೆ ಮುಗಿದ ಮೇಲೆ ಹೆಡ್ಮಾಸ್ತರರು ಆಕೆಯನ್ನು ಮುಂದೆ ನಿಲ್ಲಿಸಿ, "ಈಕಿ ಕಲ್ಪ್ರಿಟ್!" ಎಂದರು.

"ನಾ ಒಯ್ದಿಲ್ರಿ ಸರ್..."

ಅದು ಅವರ ಕಿವಿಗೆ ಬೀಳಲೇ ಇಲ್ಲ. ಬಾಯಿಗೆ ಒಳ್ಳೆಯ ಶಬ್ದ ಸಿಕ್ಕಿತ್ತಲ್ಲ! ಹಿಂದೆ ಇಂಗ್ಲೆಂಡಿನ ಕೋರ್ಟಿನಲ್ಲಿ ಆರೋಪಿ ತಪ್ಪು ಒಪ್ಪದಿದ್ದರೆ, ಸರ್ಕಾರದ ವಕೀಲ 'ತಪ್ಪಿತಸ್ಥನೇ. ಸಾಬೀತು ಮಾಡಲು ಸಿದ್ಧ' ಎಂದು ಫ್ರೆಂಚಿನಲ್ಲಿ ಹೇಳುತ್ತಿದ್ದನಂತೆ. ಗುಮಾಸ್ತ ಅದನ್ನು 'ಕಲ್', 'ಪ್ರಿಟ್' ಎಂದು ಎರಡು ತುಂಡು ಮಾತಿನಲ್ಲಿ ಗೀಚಿಕೊಂಡ. ಮುಂದಿನವರು ಎರಡನ್ನೂ ಕೂಡಿಸಿ ಓದಿದರು, 'ಕಲ್ಪ್ರಿಟ್' ಹುಟ್ಟಿತು. "ಅಂದ್ರ ಮೂಲದಾಗ ಕಲ್ಪ್ರಿಟ್ ಅಂದ್ರ ಇನ್ನೂ ವಿಚಾರಣಿ ಆಗದವ! ಬರಕೋರಿ!" ಎಂದರು. ನಾವು ಬರೆದುಕೊಂಡೆವು. ವಿಚಾರಣೆಯೇ ಆಗದ ಹುಡುಗಿ ಅಷ್ಟೂ ಹೊತ್ತು ಬಿಸಿಲಲ್ಲಿ ಅಳುತ್ತ ನಿಂತಿದ್ದಳು. ಇಂಥ ವಿದ್ಯೆಗೆ ಬೆಂಕಿ ಹಾಕಬೇಕು.

ಮರುದಿನ ಅವಳ ಅಪ್ಪ ಕಂಬಳಿ ಹೊದ್ದುಕೊಂಡು ಬಂದ. "ಕಳ್ಳಿ ಅನಸ್ಕೊಂಡು ಕಲಿಯೂ ಸಾಲಿ ನಮಗ ಬ್ಯಾಡ್ರಿ," ಎಂದು ಮಗಳನ್ನು ಕರೆದುಕೊಂಡು ಹೋದ.

ವಾರದೊಳಗೆ ಕೊಡ ಬಂತು, ಹೆಡ್ಮಾಸ್ತರರ ಹೊಲದ ಚಕ್ಕಡಿಯಲ್ಲೇ! ಹಬ್ಬದ ದಿನ ಹೊಲದ ಊಟಕ್ಕೆ ಹೋಗುವಾಗ ನೀರಿಗೆಂದು ಅವರ ಮನೆಯವರೇ ಆಳಿನ ಕೈಯಿಂದ ತರಿಸಿಕೊಂಡಿದ್ದರಂತೆ.

"ಆಕಿಗೆ ಹೇಳಿ ಕಳಸೂಣೇನ್ರಿ ಸರ್?" ಎಂದೆ.

"ನೀ ನಿನ್ನ ಗ್ರಾಮರ್ ನೋಡ್ಕೋ," ಎಂದರು ಪುಣ್ಯಾತ್ಮರು.

ಎಷ್ಟೋ ವರ್ಷಗಳ ಮೇಲೆ ಬಸ್‌ಸ್ಟ್ಯಾಂಡಿನಲ್ಲಿ ಸಿಕ್ಕರು. ಅದೇ ಕೋಟು. "ಕಲ್ಪ್ರಿಟ್ ಶಬ್ದ ಹೆಂಗ ಹುಟ್ಟಿತು, ನೆನಪೈತೇನೋ?"

"ಐತ್ರಿ. ಆ ಹುಡುಗಿ ನೆನಪದಾಳೇನ್ರಿ?"

"ಯಾವ ಹುಡುಗಿ?"

ಅವರು ತೀರಿಕೊಂಡಾಗ ಶಬ್ದಭಂಡಾರವೇ ಹೋಯಿತೆಂದು ಸಭೆ ಮಾಡಿದರು. ನಾನು ಹೋಗಲಿಲ್ಲ. ಹೋದ ವರ್ಷ ಅವಳೂ ಹೋದಳೆಂದು ಸುದ್ದಿ ಬಂತು... ಗಣಿತದಲ್ಲಿ ನಮ್ಮೆಲ್ಲರಿಗಿಂತ ಮುಂದಿದ್ದವಳು, ಕುರಿಗಳ ಹಿಂದೆಯೇ ಸವೆದಳು. ಕೊಡ ಸಿಕ್ಕಿತು, ನೀನು ಕದ್ದಿರಲಿಲ್ಲ ಎಂದು ಕೊನೆತನಕ ಆಕೆಗೆ ಯಾರೂ ಹೇಳಲಿಲ್ಲ.